ಮೊದಲ ಸಂಬಳದ ಋಣ: ವಾಷಿಂಗ್ಟನ್ನಿನ ಮೇಯರ್ ಮೇರಿಯನ್ ಬ್ಯಾರಿ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಪುರಸಭೆಯೊಂದರಲ್ಲಿ ಬಿಲ್ ಕಲೆಕ್ಟರ್ ಆಗಿ ದುಡಿದವರು. ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರು ಬರಕೂಡದು, ಉಪನ್ಯಾಸ ಮಾತ್ರ ಊರಾಡಳಿತದ ಮೇಲೆಯೇ ಇರಬೇಕು ಎಂದು ಷರತ್ತು ಹಾಕಿದ್ದಾರಂತೆ. ಮನೆಮನೆ ತಿರುಗಿ ಕಂದಾಯ ಕೇಳಿದವರಿಗೆ ಊರು ಹೇಗೆ ನಡೆಯುತ್ತದೆಂಬುದು ನನ್ನಂಥ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಹಿಂದಿನ ಸಾಲಿನಲ್ಲೆಲ್ಲೋ ಕೂತಿದ್ದಾರೆ. ನಾನು ತಪ್ಪಿದರೆ ಆಮೇಲೆ ತಿದ್ದಲಿ.

ನಾನು ಆರಿಸಿಕೊಂಡಿರುವುದು ದೂರದೂರಿನ ಮೇಯರೊಬ್ಬನ ಕಥೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ನಾಲ್ಕು ಸಲ ಮೇಯರ್ ಆದ ಮೇರಿಯನ್ ಬ್ಯಾರಿ. ಮಂಗಳೂರು ಕಡೆಯವರು ಹೆಸರು ಕೇಳಿ ಹುಬ್ಬೇರಿಸುವುದು ಬೇಡ. ನಮ್ಮ ಕರಾವಳಿಯ ಬ್ಯಾರಿಗಳಿಗೂ ಈತನಿಗೂ ಏನೂ ಸಂಬಂಧವಿಲ್ಲ.

ಈತನ ಹೆಸರು ನಮ್ಮವರೆಗೆ ಬಂದದ್ದು ಒಂದೇ ಕಾರಣಕ್ಕೆ. 1990ರ ಜನವರಿ 18ರ ರಾತ್ರಿ, ವಾಷಿಂಗ್ಟನ್ನಿನ ವಿಸ್ಟಾ ಇಂಟರ್‌ನ್ಯಾಷನಲ್ ಹೋಟೆಲಿನ ಕೋಣೆಯಲ್ಲಿ, ಹಳೆಯ ಗೆಳತಿಯೊಬ್ಬಳ ಜೊತೆ, ಅಧಿಕಾರದಲ್ಲಿರುವ ಮೇಯರ್ ಕ್ರ್ಯಾಕ್ ಕೊಕೇನ್ ಸೇದುತ್ತಿರುವುದನ್ನು ಎಫ್‌ಬಿಐನ ಗುಪ್ತ ಕ್ಯಾಮೆರಾ ಹಿಡಿಯಿತು. ಗೆಳತಿ ಪೊಲೀಸರ ಕಡೆಯಿಂದ ಬಂದಿದ್ದಳು. ಬಾಗಿಲು ಒಡೆದು ನುಗ್ಗಿದರು, ಕೈಕೋಳ ಹಾಕಿದರು. ಆ ಗಳಿಗೆಯಲ್ಲಿ ಆತನ ಬಾಯಿಂದ ಬಂದ ಬೈಗುಳ ಮುಂದೆ ಟೀ ಶರ್ಟುಗಳ ಮೇಲೆ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಯಿತು. ಇಷ್ಟಾದ ಮೇಲೆ, ಜೈಲು ಕಂಡು ಬಂದ ಮೇಲೆ, 1994ರಲ್ಲಿ ಅದೇ ಊರು ಅದೇ ಮನುಷ್ಯನನ್ನು ಮತ್ತೆ ಮೇಯರ್ ಮಾಡಿತು. ಲೋಕ ನಕ್ಕಿತು. ನಾನೂ ನಕ್ಕಿದ್ದೇನೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಮಧ್ಯಾಹ್ನದ ಹೊತ್ತು ಹುಡುಗರು ತೂಕಡಿಸತೊಡಗಿದರೆ ಅವರನ್ನು ಎಬ್ಬಿಸಲು ನನ್ನ ಬಳಿ ಇದ್ದ ಕಥೆಗಳಲ್ಲಿ ಇದೂ ಒಂದು. ಮತದಾರ ಎಷ್ಟು ಮೂಢ ನೋಡಿ ಎಂದು ಹೇಳಿ ಮುಗಿಸುತ್ತಿದ್ದೆ.

ಆ ಹುಡುಗರಿಗೆಲ್ಲ ಅರ್ಧ ಕಥೆ ಹೇಳಿ ಕಳಿಸಿದೆನಲ್ಲ ಎಂಬ ಕಸಿವಿಸಿಯೇ ಇವತ್ತಿನ ಉಪನ್ಯಾಸಕ್ಕೆ ಕಾರಣ.

ಮೊದಲು ಊರಿನ ಸ್ಥಿತಿ ತಿಳಿಯಬೇಕು. ವಾಷಿಂಗ್ಟನ್ ಯಾವ ರಾಜ್ಯಕ್ಕೂ ಸೇರಿಲ್ಲ. 1874ರಿಂದ ಸರಿಯಾಗಿ ನೂರು ವರ್ಷ ಅಲ್ಲಿನ ಜನ ತಮ್ಮ ಊರಿನ ಆಡಳಿತಗಾರರನ್ನು ಆರಿಸಲೇ ಇಲ್ಲ. ಮೇಲಿನಿಂದ ನೇಮಕವಾದ ಕಮಿಷನರುಗಳು ಆಳಿದರು, ಸಂಸತ್ತಿನ ಸಮಿತಿಗಳು ಅವರ ಮೇಲೆ ಕೂತಿದ್ದವು. ಅಧ್ಯಕ್ಷರ ಚುನಾವಣೆಯಲ್ಲಿ ಓಟು ಹಾಕುವ ಹಕ್ಕು ಬಂದದ್ದೇ 1961ರ ಸಂವಿಧಾನ ತಿದ್ದುಪಡಿಯಿಂದ. ಸಂಸತ್ತಿನಲ್ಲಿ ಮತ ಚಲಾಯಿಸುವ ಒಬ್ಬ ಸದಸ್ಯನೂ ಇವತ್ತಿಗೂ ಅವರಿಗಿಲ್ಲ. ಕೆಳಮನೆಯಲ್ಲಿ ಈ ನಗರದ ಸಮಿತಿಗೆ ಬಹುಕಾಲ ಅಧ್ಯಕ್ಷನಾಗಿದ್ದವನು ದಕ್ಷಿಣ ಕ್ಯಾರೊಲಿನಾದ ಜಾನ್ ಮ್ಯಾಕ್‌ಮಿಲನ್ ಎಂಬ ಬಿಳಿಯ. 1967ರಲ್ಲಿ ಅಧ್ಯಕ್ಷ ಜಾನ್ಸನ್ ನೇಮಿಸಿದ ಕಪ್ಪು ಆಡಳಿತಗಾರ ವಾಲ್ಟರ್ ವಾಷಿಂಗ್ಟನ್ ತನ್ನ ಆಯವ್ಯಯವನ್ನು ಕಳಿಸಿಕೊಟ್ಟಾಗ, ಮ್ಯಾಕ್‌ಮಿಲನ್ ಉತ್ತರವಾಗಿ ಒಂದು ಲಾರಿ ಕಲ್ಲಂಗಡಿ ಹಣ್ಣು ಕಳಿಸಿದನೆಂದು ಅಲ್ಲಿ ಹೇಳುತ್ತಾರೆ. ನಮಗೆ ಇದು ಹಬ್ಬದ ಉಡುಗೊರೆಯಂತೆ ಕೇಳಿಸೀತು. ಆ ದೇಶದಲ್ಲಿ ಕಪ್ಪು ಜನರನ್ನು ಹಂಗಿಸಲು ಕಲ್ಲಂಗಡಿಯ ಚಿತ್ರ ಬಳಸುತ್ತಿದ್ದರು. ಬಜೆಟ್ಟಿಗೆ ಕಲ್ಲಂಗಡಿ ಉತ್ತರ ಎಂದರೆ ಏನೆಂದು ಈಗ ತಿಳಿಯುತ್ತದೆ. 1970ರ ಗಣತಿಯಂತೆ ಊರಿನ ಜನಸಂಖ್ಯೆ 7,56,510. ಅದರಲ್ಲಿ ನೂರಕ್ಕೆ 71 ಮಂದಿ ಕಪ್ಪು ಜನ.

ಇಂಥ ಊರಿಗೆ ಬ್ಯಾರಿ 1965ರಲ್ಲಿ ಬಂದಿಳಿದ. ಹುಟ್ಟಿದ್ದು 1936ರಲ್ಲಿ, ಮಿಸಿಸಿಪ್ಪಿಯ ಇಟ್ಟಾ ಬೀನಾ ಎಂಬ ಹತ್ತಿ ಬೆಳೆಯುವ ಹಳ್ಳಿಯಲ್ಲಿ, ಬೆಳೆದದ್ದು ಮೆಂಫಿಸ್‌ನಲ್ಲಿ. ಹತ್ತಿ ಬಿಡಿಸಿದ, ಪೇಪರು ಹಾಕಿದ, ಅಂಗಡಿಯಲ್ಲಿ ಚೀಲ ತುಂಬಿದ. ಓದಿದ್ದು ರಸಾಯನಶಾಸ್ತ್ರ. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುವಾಗ ನ್ಯಾಶ್‌ವಿಲ್‌ನ ಹೋಟೆಲುಗಳಲ್ಲಿ ಬಿಳಿಯರ ಜಾಗದಲ್ಲಿ ಕೂತು ಪ್ರತಿಭಟಿಸಿದವರಲ್ಲಿ ಒಬ್ಬ. 1960ರಲ್ಲಿ ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಈತನೇ. ಡಾಕ್ಟರೇಟ್ ಅರ್ಧಕ್ಕೆ ಬಿಟ್ಟ. ಹೆಸರಿನ ನಡುವೆ ಬರುವ ‘ಎಸ್’ ಅಕ್ಷರಕ್ಕೂ ಒಂದು ಕಥೆಯಿದೆ: ಪತ್ರಿಕೆಯಲ್ಲಿ ಸೋವಿಯತ್ ನಾಯಕ ಶೆಪಿಲೋವ್ ಎಂಬ ಹೆಸರು ನೋಡಿ, ಚೆನ್ನಾಗಿದೆ ಎಂದು ತಗುಲಿಸಿಕೊಂಡನಂತೆ. ಶೀತಲ ಸಮರದ ದಿನಗಳಲ್ಲಿ, ಅಮೆರಿಕದಲ್ಲಿ! ಆತನ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಪರಿಚಯ ಪತ್ರ ಬೇಡ.

ವಾಷಿಂಗ್ಟನ್ನಿನಲ್ಲಿ ಮೊದಲು ಕೈಹಾಕಿದ್ದು ಬಸ್ ದರಕ್ಕೆ. 1966ರ ಜನವರಿಯಲ್ಲಿ ಬಸ್ ಕಂಪನಿ ಟಿಕೆಟಿಗೆ ಐದು ಸೆಂಟ್ ಏರಿಸಲು ಹೊರಟಾಗ, ಒಂದು ದಿನ ಯಾರೂ ಬಸ್ ಹತ್ತಬೇಡಿ ಎಂದು ಕರೆಕೊಟ್ಟ. ಸಾವಿರಾರು ಜನ ನಡೆದರು, ಚರ್ಚಿನವರ ಕಾರುಗಳಲ್ಲಿ ಹೋದರು. ದರ ಏರಿಕೆಗೆ ಒಪ್ಪಿಗೆ ಸಿಗಲಿಲ್ಲ. ಮರುವರ್ಷ ಕೇಂದ್ರ ಕಾರ್ಮಿಕ ಇಲಾಖೆಯ ಹಣ ತಂದು ‘ಪ್ರೈಡ್’ ಎಂಬ ಸಂಸ್ಥೆ ಕಟ್ಟಿದ. ಬೀದಿ ಅಲೆಯುತ್ತಿದ್ದ, ಜೈಲು ಕಂಡಿದ್ದ ಹುಡುಗರಿಗೆ ಹಸಿರು ಸಮವಸ್ತ್ರ ತೊಡಿಸಿ ಗಲ್ಲಿ ಗುಡಿಸುವ, ಇಲಿ ಕೊಲ್ಲುವ ಕೆಲಸ ಕೊಟ್ಟ. ವಾರದ ಕೊನೆಗೆ ಕೈಗೆ ಸಂಬಳ. ನೆನಪಿಡಿ, ಮುಂದೆ ಆತನನ್ನು ಎತ್ತಿ ಕೂರಿಸಿದ್ದೂ ಮುಳುಗಿಸಿದ್ದೂ ಇದೇ ಉಪಾಯ. ಕೆಲಸ ಕೊಡು, ಸಂಬಳ ಕೊಡು, ಲೆಕ್ಕ ಆಮೇಲೆ ನೋಡೋಣ. ಪ್ರೈಡ್ ಸಂಸ್ಥೆಯನ್ನು ಜೊತೆಯಾಗಿ ನಡೆಸಿದ, ಆತನ ಹೆಂಡತಿಯೂ ಆಗಿದ್ದ ಮೇರಿ ಟ್ರೆಡ್‌ವೆಲ್ ಮೇಲೆ ಮುಂದೆ ಹಣ ದುರುಪಯೋಗದ ಮೊಕದ್ದಮೆ ನಡೆದು ಶಿಕ್ಷೆಯಾಯಿತು.

1973ರ ಕೊನೆಯಲ್ಲಿ ನಿಕ್ಸನ್ ಸಹಿ ಮಾಡಿದ ಕಾಯ್ದೆಯಿಂದ ಊರಿಗೆ ಸ್ವಯಮಾಡಳಿತ ಬಂತು. 1974ರಲ್ಲಿ ಮೊದಲ ಚುನಾವಣೆ. ವಾಲ್ಟರ್ ವಾಷಿಂಗ್ಟನ್ ಮೇಯರ್, ಬ್ಯಾರಿ ನಗರಸಭೆಯ ಸದಸ್ಯ. ದಾಶಿಕಿ ಎಂಬ ಬಣ್ಣಬಣ್ಣದ ಆಫ್ರಿಕನ್ ಅಂಗಿ ತೊಡುತ್ತಿದ್ದವನು ಕೋಟು ಟೈಗೆ ಬಂದ. 1977ರ ಮಾರ್ಚ್ 9ರಂದು ಹನಾಫಿ ಪಂಥದ ಬಂದೂಕುಧಾರಿಗಳು ನಗರದ ಮೂರು ಕಟ್ಟಡಗಳಿಗೆ ನುಗ್ಗಿ ಜನರನ್ನು ಒತ್ತೆಯಿಟ್ಟರು. ಅದರಲ್ಲೊಂದು ನಗರಾಡಳಿತದ ಕಟ್ಟಡ. ಅಲ್ಲಿದ್ದ ಬ್ಯಾರಿಗೆ ಎದೆಯ ಮೇಲೆ, ಹೃದಯದ ಹತ್ತಿರ, ಗುಂಡಿನ ಚೂರು ಬಡಿಯಿತು. ಯುವ ರೇಡಿಯೋ ವರದಿಗಾರನೊಬ್ಬ ಅಲ್ಲೇ ಸತ್ತ. ಬ್ಯಾರಿ ಬದುಕಿದ.

1978ರಲ್ಲಿ ಮೇಯರ್ ಸ್ಥಾನಕ್ಕೆ ನಿಂತ. ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯೇ ಅಲ್ಲಿ ನಿಜವಾದ ಚುನಾವಣೆ. ಮೂವರ ನಡುವೆ ಪೈಪೋಟಿ. ಮೂರರಲ್ಲೊಂದು ಪಾಲಿಗಿಂತ ತುಸುವೇ ಹೆಚ್ಚು ಮತ ಪಡೆದು ಬ್ಯಾರಿ ಕೂದಲೆಳೆಯ ಅಂತರದಲ್ಲಿ ಗೆದ್ದ. ನನ್ನ ತರಗತಿಯ ಕಥೆಯಲ್ಲಿ ಇಲ್ಲದ ಮೊದಲ ಸಂಗತಿ ಇಲ್ಲಿದೆ. ಆತನನ್ನು ಮೊದಲ ಸಲ ಗೆಲ್ಲಿಸಿದ್ದು ಬಡ ಕಪ್ಪು ಬಡಾವಣೆಗಳಲ್ಲ. ವಾಯವ್ಯದ ಮರಗಳ ನೆರಳಿನ ಬೀದಿಗಳಲ್ಲಿದ್ದ ಬಿಳಿಯ ಉದಾರವಾದಿಗಳು, ಸಲಿಂಗಿ ಸಮುದಾಯದವರು, ಜೊತೆಗೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಬೆಂಬಲ. ಕಪ್ಪು ಮಧ್ಯಮ ವರ್ಗಕ್ಕೆ ಈ ಮಿಸಿಸಿಪ್ಪಿಯ ಹೈದ ಸ್ವಲ್ಪ ಒರಟನಾಗಿ ಕಂಡಿದ್ದ. 1994ರ ಹೊತ್ತಿಗೆ ಆ ನಕ್ಷೆ ತಲೆಕೆಳಗಾಗಿತ್ತು. ಅನಕೋಸ್ಟಿಯಾ ನದಿಯಾಚೆಯ ಕಡುಬಡವರ ವಾರ್ಡುಗಳು ಮುಗಿಬಿದ್ದು ಓಟು ಹಾಕಿದವು. ಬಿಳಿಯರ ವಾರ್ಡಿನಲ್ಲಿ ಹುಡುಕಿದರೂ ಬೆಂಬಲಿಗ ಸಿಗುತ್ತಿರಲಿಲ್ಲ. ಮನುಷ್ಯ ಒಬ್ಬನೇ, ಊರು ಒಂದೇ. ಹದಿನಾರು ವರ್ಷದಲ್ಲಿ ಇದು ಹೇಗಾಯಿತು?

1979ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಪ್ರಮಾಣವಚನ ಬೋಧಿಸಿದರು. ಅಲ್ಲಿ ಮೇಯರ್ ಎಂದರೆ ನಮ್ಮಲ್ಲಿಯಂತೆ ವರ್ಷಕ್ಕೊಮ್ಮೆ ಸರದಿಯ ಮೇಲೆ ಬಂದು ಕೆಂಪು ಗೌನು ಹಾಕಿಕೊಂಡು ಫೋಟೋಕ್ಕೆ ನಿಲ್ಲುವ ಹುದ್ದೆಯಲ್ಲ. ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ನಮ್ಮ ಮೇಯರು, ಪಾಲಿಕೆ ಆಯುಕ್ತರು, ಜೊತೆಗೆ ಅರ್ಧ ಮುಖ್ಯಮಂತ್ರಿ, ಎಲ್ಲ ಸೇರಿದರೆ ಎಷ್ಟೋ ಅಷ್ಟು ಅಧಿಕಾರ. ರಾಜ್ಯವೇ ಇಲ್ಲದ ಊರಾದ್ದರಿಂದ ಆಗ ಜೈಲು, ಆಸ್ಪತ್ರೆ, ಬಡವರ ವೈದ್ಯಕೀಯ ವೆಚ್ಚ ಎಲ್ಲವೂ ನಗರದ ತಲೆಯ ಮೇಲೆಯೇ. ಪೊಲೀಸರೂ ಆತನ ಕೈಕೆಳಗೆ.

ಮೊದಲ ಬೇಸಿಗೆಯಲ್ಲೇ ಬ್ಯಾರಿ ಒಂದು ಮಾತು ಕೊಟ್ಟ: ಕೆಲಸ ಬೇಕೆಂದು ಕೇಳುವ ಊರಿನ ಪ್ರತಿ ಹದಿಹರೆಯದವರಿಗೂ ರಜೆಯಲ್ಲಿ ಸಂಬಳದ ಕೆಲಸ. ಕಚೇರಿಯಲ್ಲಿ ಕಡತ ಜೋಡಿಸು, ಪಾರ್ಕಿನಲ್ಲಿ ಹುಲ್ಲು ಕತ್ತರಿಸು, ಗ್ರಂಥಾಲಯದಲ್ಲಿ ಪುಸ್ತಕ ಇಡು. ಟೀಕಾಕಾರರು ಹೇಳಿದರು, ಇದು ಕೆಲಸವಲ್ಲ, ಹುಡುಗರಿಗೆ ಕೊಡುವ ಕೈಖರ್ಚು. ಎಷ್ಟೋ ಕಡೆ ಅದು ನಿಜವೂ ಆಗಿತ್ತು. ಆದರೆ ಇನ್ನೊಂದು ಕಡೆಯಿಂದ ನೋಡಿ.

ನನ್ನ ಮಗಳು ಇರುವುದು ವಾಷಿಂಗ್ಟನ್ನಿನ ಗಡಿಗೆ ಅಂಟಿದ, ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ. 2019ರ ಚಳಿಗಾಲದಲ್ಲಿ ನಾನು ಮೂರು ತಿಂಗಳು ಅಲ್ಲಿದ್ದೆ. ಪಕ್ಕದ ಮನೆಯವರು ಕಪ್ಪು ಜನಾಂಗದ, ಬಸ್ ಚಾಲಕರಾಗಿದ್ದ, ನಿವೃತ್ತಿಯ ಅಂಚಿನಲ್ಲಿದ್ದ ಗೃಹಸ್ಥರು. ನನಗೆ ಸರಿಯಾಗಿ ಅರ್ಥವಾಗಲೆಂದು ಇಂಗ್ಲಿಷನ್ನು ನಿಧಾನವಾಗಿ ಆಡುತ್ತಿದ್ದ ಒಳ್ಳೆಯ ಮನುಷ್ಯ. ಒಂದು ಸಂಜೆ ಮಾತಿಗೆ ಮಾತು ಬಂದು ಬ್ಯಾರಿಯ ಹೆಸರೆತ್ತಿ ನಾನು ನನ್ನ ಹಳೆಯ ತರಗತಿಯ ನಗೆ ನಕ್ಕೆ. ಅವರು ನಗಲಿಲ್ಲ. ಒಳಗೆ ಹೋಗಿ ಒಂದು ಬೈಬಲ್ ತಂದರು, ತಾಯಿಯದು. ಅದರ ಹಾಳೆಗಳ ನಡುವೆ ಮಾಸಲು ಚೀಟಿಯೊಂದಿತ್ತು. 1979ರ ಬೇಸಿಗೆಯಲ್ಲಿ ಬಂದ ಮೊದಲ ಸಂಬಳದ ಚೆಕ್ಕಿನ ಜೊತೆಗಿದ್ದ ವಿವರದ ತುಂಡು. ಆಗ ಅವರಿಗೆ ಹದಿನಾರು. “ನನ್ನ ಪೂರ್ತಿ ಹೆಸರು ಟೈಪಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೆಕ್ಕನ್ನು ಅಮ್ಮನಿಗೆ ಕೊಟ್ಟೆ. ಅವಳು ಈ ತುಂಡನ್ನು ಇಲ್ಲಿಟ್ಟಳು” ಎಂದರು. ತೆರಿಗೆ ಎಷ್ಟು ಕಡಿತವಾಗಿದೆ ಎಂಬ ಅಂಕಣವನ್ನು ಬೆರಳಿಟ್ಟು ತೋರಿಸಿದರು. “ನೋಡಿ, ಹದಿನಾರಕ್ಕೇ ನಾನು ತೆರಿಗೆದಾರ.”

ನಮ್ಮಲ್ಲೂ ಮೊದಲ ಸಂಬಳವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಅಮ್ಮನ ಕೈಗೆ ಕೊಡುತ್ತೇವೆ. ನಾನು ಕೊಟ್ಟಿದ್ದೇನೆ. ನೀವೂ ಕೊಟ್ಟಿರುತ್ತೀರಿ. ಆ ನೋಟು ಎಲ್ಲಿಂದ ಬಂತೆಂಬುದು ಸಾಯುವವರೆಗೂ ಮರೆಯುವುದಿಲ್ಲ. ಇಂಗ್ಲಿಷ್ ಪುಸ್ತಕಗಳು ಬ್ಯಾರಿಯ ಬೆಂಬಲಿಗರ ಬಗ್ಗೆ ಬರೆಯುವಾಗ ನಿಷ್ಠೆ, ಪೋಷಣೆಯ ರಾಜಕಾರಣ, ಜನಾಂಗದ ಅಭಿಮಾನ ಎಂದೆಲ್ಲ ಬರೆಯುತ್ತವೆ. ನನಗೆ ಸರಿಯೆನಿಸುವ ಮಾತು ನಮ್ಮದೇ: ಋಣ. ಸಾವಿರಾರು ಮನೆಗಳಲ್ಲಿ ಮೊದಲ ಸಂಬಳ ಬ್ಯಾರಿಯ ಹೆಸರಿನಲ್ಲಿ ಬಂದಿತ್ತು. ಬರೀ ಹುಡುಗರಿಗಲ್ಲ. ನಗರದ ಕಚೇರಿಗಳ ಮೇಲಿನ ಹುದ್ದೆಗಳಿಗೆ ಕಪ್ಪು ಗಂಡಸರು, ಹೆಂಗಸರು ಬಂದರು; ಗುತ್ತಿಗೆಗಳಲ್ಲಿ ಕಪ್ಪು ಉದ್ಯಮಿಗಳಿಗೆ ಪಾಲು ಬಂತು. ಮೊದಲು ಬಾಗಿಲಲ್ಲಿ ನಿಲ್ಲುತ್ತಿದ್ದವರು ಮೇಜಿನ ಹಿಂದೆ ಕೂತರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಉರಿದುಹೋಗಿದ್ದ 14ನೇ ಬೀದಿ ಮತ್ತು ಯು ಬೀದಿಯ ಮೂಲೆಯಲ್ಲಿ 1986ರಲ್ಲಿ ನಗರಾಡಳಿತದ ದೊಡ್ಡ ಕಟ್ಟಡ ಎದ್ದಿತು. ಯಾರೂ ಕಾಲಿಡದ ಜಾಗಕ್ಕೆ ಸರಕಾರಿ ನೌಕರರು ದಿನಾ ಬರತೊಡಗಿದರು.

ಋಣ ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ, ಸಾಲ. ಅದನ್ನೂ ಹೇಳಬೇಕು.

ಬೊಕ್ಕಸದ ಲೆಕ್ಕ ಮೊದಲಿನಿಂದಲೂ ಕೆಟ್ಟಿತ್ತು, ಅದರಲ್ಲಿ ಆತನದಲ್ಲದ ಪಾಲೂ ದೊಡ್ಡದಿತ್ತು. ಸ್ವಯಮಾಡಳಿತ ಕೊಟ್ಟ ಮೇಲೆ ಸಂಸತ್ತು ಪೊಲೀಸರ, ಶಿಕ್ಷಕರ, ನ್ಯಾಯಾಧೀಶರ ಪಿಂಚಣಿಯ ಹೊರೆಯನ್ನು ಸಾಕಷ್ಟು ಹಣ ತುಂಬದೆಯೇ ನಗರಕ್ಕೆ ದಾಟಿಸಿತು. ಕೇಂದ್ರ ಸರಕಾರದ ಜಾಗ, ಕಟ್ಟಡಗಳಿಗೆ ಆಸ್ತಿ ತೆರಿಗೆ ಇಲ್ಲ. ಮೇರಿಲ್ಯಾಂಡ್, ವರ್ಜೀನಿಯಾಗಳಿಂದ ಬೆಳಗ್ಗೆ ಬಂದು ದುಡಿದು ಸಂಜೆ ಮರಳುವವರ ಆದಾಯಕ್ಕೆ ತೆರಿಗೆ ಹಾಕಕೂಡದೆಂದು ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಬಿಲ್ ಕಲೆಕ್ಟರ್ ಯಜಮಾನರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಅತಿ ದೊಡ್ಡ ಮನೆಗಳ ಬಾಗಿಲು ತಟ್ಟುವಂತಿಲ್ಲ, ಅತಿ ಹೆಚ್ಚು ಗಳಿಸುವವರ ಹತ್ತಿರ ಕೇಳುವಂತಿಲ್ಲ. ಆದರೂ ಊರು ನಡೆಸು.

ಇದು ಬ್ಯಾರಿಯ ಪರವಾದ ವಾದ. ನಾನು ಒಪ್ಪುತ್ತೇನೆ. ಆದರೆ ಇಂಥ ಇಕ್ಕಟ್ಟಿನಲ್ಲಿರುವ ಮನೆ ಯಜಮಾನ ಪೈಸೆಪೈಸೆಗೂ ಲೆಕ್ಕ ಇಡಬೇಕು. ಈತ ಸಂಬಳದ ಪಟ್ಟಿಯನ್ನು ಉದ್ದ ಮಾಡುತ್ತಲೇ ಹೋದ. ಆಪ್ತರ ಮೇಲೆ ಕಣ್ಣಿಡಲಿಲ್ಲ. ಬಲಗೈಯಂತಿದ್ದ ಉಪಮೇಯರ್ ಐವನ್‌ಹೋ ಡೊನಾಲ್ಡ್‌ಸನ್, ಚಳವಳಿಯ ಕಾಲದ ಸಂಗಾತಿ, ನಗರದ 1,90,000 ಡಾಲರಿಗೂ ಹೆಚ್ಚು ಹಣ ನುಂಗಿದ್ದನ್ನು 1985ರಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ. ಅವನು ಹೋದ ಮೇಲೆ ಬ್ಯಾರಿಗೆ ‘ಬೇಡ’ ಎಂದು ಹೇಳುವವರು ಯಾರೂ ಉಳಿಯಲಿಲ್ಲ ಎನ್ನುತ್ತಾರೆ. ಕಳ್ಳನೊಬ್ಬನೇ ಬುದ್ಧಿ ಹೇಳಬಲ್ಲವನಾಗಿದ್ದ ಎಂಬುದು ಎಂಥ ಆಡಳಿತ!

1987ರ ಜನವರಿಯಲ್ಲಿ ಊರಿನ ಮೇಲೆ ಭಾರಿ ಹಿಮ ಬಿತ್ತು. ಬೀದಿಗಳು ಹೂತುಹೋದವು. ಮೇಯರ್ ಕ್ಯಾಲಿಫೋರ್ನಿಯಾದಲ್ಲಿ ಫುಟ್‌ಬಾಲ್ ಫೈನಲ್ ನೋಡುತ್ತಿದ್ದ. ದೊಡ್ಡ ಹಗರಣಗಳನ್ನು ಜನ ಚರ್ಚೆ ಮಾಡುತ್ತಾರೆ. ಮನೆಮುಂದಿನ ಹಿಮವನ್ನು ಮರೆಯುವುದಿಲ್ಲ. ನಮ್ಮಲ್ಲಿ ಮೋರಿ ಉಕ್ಕಿ ಅಡುಗೆಮನೆಗೆ ನೀರು ನುಗ್ಗಿದ ದಿನ ಕಾರ್ಪೊರೇಟರ್ ತಿರುಪತಿಯಲ್ಲಿದ್ದಂತೆ.

ಅದೇ ಹೊತ್ತಿಗೆ ಕ್ರ್ಯಾಕ್ ಊರಿಗೆ ಕಾಲಿಟ್ಟಿತು. ಕೊಕೇನಿನ ಪುಡಿಯನ್ನು ಕುದಿಸಿ ಗಟ್ಟಿಮಾಡಿದ ಅಗ್ಗದ ಹರಳು. ಪುಡಿ ಶ್ರೀಮಂತರದು, ಹರಳು ಬಡವರದು. ಯಾವ ಮೂಲೆ ಯಾರದೆಂಬ ಜಗಳಕ್ಕೆ ಹುಡುಗರು ಹುಡುಗರನ್ನು ಕೊಂದರು. 1985ರಲ್ಲಿ 150ರ ಒಳಗಿದ್ದ ವರ್ಷದ ಕೊಲೆಗಳು 1991ರಲ್ಲಿ 479ಕ್ಕೆ ಏರಿದವು. ದೇಶದ ರಾಜಧಾನಿಗೆ ಕೊಲೆಗಳ ರಾಜಧಾನಿ ಎಂಬ ಹೆಸರು ಬಂತು. ಸಂಸತ್ತು ಹಣ ತಡೆಹಿಡಿದು ಒತ್ತಾಯಿಸಿದ್ದರಿಂದ 1989, 1990ರಲ್ಲಿ ಹಿಂದುಮುಂದು ನೋಡದೆ ಸುಮಾರು 1,500 ಪೊಲೀಸರನ್ನು ಸೇರಿಸಿಕೊಂಡರು. ಅವರಲ್ಲಿ ಹಲವರು ಮುಂದೆ ತಾವೇ ಆರೋಪಿಗಳಾಗಿ ಕಟಕಟೆ ಹತ್ತಿದರು. ಆ ಹರಳಿನ ವಿರುದ್ಧ ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ ಮೇಯರ್, ಹೋಟೆಲು ಕೋಣೆಯಲ್ಲಿ ಅದನ್ನೇ ಸೇದುತ್ತಿದ್ದ. ಇದನ್ನು ನಾನು ಖಾಸಗಿ ದೌರ್ಬಲ್ಯವೆಂದು ಬಿಡಲಾರೆ. ಆ ಹರಳನ್ನು ಮಾರುವ ಮೂಲೆಗಳಲ್ಲಿ ಸತ್ತವರಲ್ಲಿ ಎಷ್ಟೋ ಮಂದಿ ಆತನೇ ಬೇಸಿಗೆಯ ಕೆಲಸ ಕೊಟ್ಟ ಮನೆಗಳ ಮಕ್ಕಳು.

ವಿಚಾರಣೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹದಿನಾಲ್ಕು ಆರೋಪ. ಕೋರ್ಟಿನಲ್ಲಿ ಇಡೀ ವಿಡಿಯೋ ಹಾಕಿ ತೋರಿಸಿದರು. ಹೆಂಡತಿ ಎಫಿ ಬ್ಯಾರಿ ಮುಂದಿನ ಸಾಲಿನಲ್ಲಿ ಕೂತು, ಗಂಡನ ಇತರ ಹೆಂಗಸರ ಹೆಸರುಗಳು ಒಂದೊಂದಾಗಿ ಬರುತ್ತಿದ್ದಾಗ, ತಲೆ ತಗ್ಗಿಸಿ ಕೊಕ್ಕೆಸೂಜಿಯಿಂದ ನೆಲಹಾಸೊಂದನ್ನು ಹೆಣೆಯುತ್ತಿದ್ದಳು. ಇಡೀ ಮೊಕದ್ದಮೆಯಲ್ಲಿ ನನ್ನ ಕಣ್ಣಿಗೆ ಕಟ್ಟುವ ಚಿತ್ರ ಇದೊಂದೇ; ವಿಡಿಯೋ ಅಲ್ಲ. 1990ರ ಆಗಸ್ಟ್ 10ರಂದು ಜ್ಯೂರಿ ಒಂದೇ ಒಂದು ಸಣ್ಣ ಆರೋಪದಲ್ಲಿ ತಪ್ಪಿತಸ್ಥ ಎಂದಿತು, ಒಂದರಲ್ಲಿ ಬಿಟ್ಟಿತು, ಉಳಿದ ಹನ್ನೆರಡರಲ್ಲಿ ಒಮ್ಮತಕ್ಕೆ ಬರಲಿಲ್ಲ. ಆರು ತಿಂಗಳ ಶಿಕ್ಷೆ. ಸಾಕ್ಷಿ ಇಷ್ಟು ಗಟ್ಟಿಯಾಗಿದ್ದೂ ಹೀಗೇಕೆ ಎಂದು ನ್ಯಾಯಾಧೀಶರೇ ಆಮೇಲೆ ಸಭೆಯೊಂದರಲ್ಲಿ ಬೇಸರ ತೋಡಿಕೊಂಡರು. ಜ್ಯೂರಿಯವರ ಮನಸ್ಸು ಕಲ್ಲಂಗಡಿಯ ಲಾರಿಯನ್ನು ಮರೆತಿರಲಿಲ್ಲ ಎಂಬುದು ನನ್ನ ಊಹೆ. ಹಳೆಯ ಗೆಳತಿಯನ್ನು ಮುಂದೆ ಬಿಟ್ಟು ಬಲೆ ಹೆಣೆದ ಸರಕಾರ ಅವರ ಕಣ್ಣಿಗೆ ನ್ಯಾಯದ ಹಾಗೆ ಕಾಣಲಿಲ್ಲ, ಬೇಟೆಯ ಹಾಗೆ ಕಂಡಿತು.

ಅದೇ ನವೆಂಬರಿನಲ್ಲಿ ನಗರಸಭೆಗೆ ನಿಂತು ಸೋತ. ಬದುಕಿನಲ್ಲಿ ಆತ ಸೋತ ಒಂದೇ ಚುನಾವಣೆ ಅದು. ಜೈಲಿನಿಂದ 1992ರ ಏಪ್ರಿಲಿನಲ್ಲಿ ಹೊರಬಂದವನು ನೇರ ಹೋದದ್ದು ನದಿಯಾಚೆಯ ಎಂಟನೇ ವಾರ್ಡಿಗೆ. ಆ ವರ್ಷವೇ ಅಲ್ಲಿಂದ ಸದಸ್ಯನಾದ. ತಾನು ಕುಂದಿಲ್ಲದವನಲ್ಲ, ಆದರೆ ಈ ಊರಿಗೆ ತಕ್ಕವನು ಎಂಬರ್ಥದ ಘೋಷಣೆ. ಎಂಟನೇ ವಾರ್ಡಿನಲ್ಲಿ ಜೈಲು ಕಂಡ ಮಗನಿಲ್ಲದ, ಚಟಕ್ಕೆ ಬಿದ್ದ ತಮ್ಮನಿಲ್ಲದ ಮನೆ ಕಡಿಮೆ. ಬಿದ್ದವನು ಎದ್ದು ಬಂದಿದ್ದಾನೆ ಎಂಬುದು ಅವರಿಗೆ ಭಾಷಣವಲ್ಲ, ಮನೆಯ ವಿಷಯ. ಎಂದೂ ಓಟು ಹಾಕದವರನ್ನು ಪಟ್ಟಿಗೆ ಸೇರಿಸುತ್ತ ನಡೆದ. 1994ರ ಒಳಚುನಾವಣೆಯಲ್ಲಿ ನೂರಕ್ಕೆ 47 ಮತ. ಹಾಲಿ ಮೇಯರ್ ಶರನ್ ಪ್ರ್ಯಾಟ್ ಕೆಲಿ ಮೂರನೆಯ ಸ್ಥಾನಕ್ಕೆ ಕುಸಿದಳು. ಆಕೆ ಬಂದದ್ದು ಆಡಳಿತವನ್ನು ಗುಡಿಸಿ ಸ್ವಚ್ಛ ಮಾಡುತ್ತೇನೆಂದು. ಹಾಗೆ ಗುಡಿಸುವುದೆಂದರೆ ನೌಕರರನ್ನು ತೆಗೆಯುವುದು ಎಂದು ಜನಕ್ಕೆ ಗೊತ್ತಿತ್ತು.

ಈಗ ನನ್ನ ತಕರಾರು. ಋಣ ತೀರಿಸಿದ್ದು ಜನ. ಋಣವನ್ನು ಬಳಸಿಕೊಂಡದ್ದು ಬ್ಯಾರಿ. ಆತನ ನಾಲ್ಕನೆಯ ಅವಧಿ ಶುರುವಾಗುವಾಗ ನಗರದ ಆಯವ್ಯಯದಲ್ಲಿ 70 ಕೋಟಿ ಡಾಲರಿಗೂ ಮೀರಿದ ಕೊರತೆ. ಸಾಲಪತ್ರಗಳಿಗೆ ಕಸದ ಬೆಲೆ. 1995ರ ಏಪ್ರಿಲಿನಲ್ಲಿ ಕ್ಲಿಂಟನ್ ಸಹಿಯೊಂದಿಗೆ ನಗರದ ಹಣಕಾಸಿನ ಮೇಲೆ ಐವರ ನಿಯಂತ್ರಣ ಮಂಡಳಿ ಬಂದು ಕೂತಿತು. 1997ರಲ್ಲಿ ಇನ್ನೊಂದು ಕಾಯ್ದೆ ಬಂದು ಒಂಬತ್ತು ಮುಖ್ಯ ಇಲಾಖೆಗಳನ್ನು ಮೇಯರನ ಕೈಯಿಂದ ಕಿತ್ತುಕೊಂಡಿತು. ಉಳಿದದ್ದು ಪಾರ್ಕು, ಗ್ರಂಥಾಲಯ, ಪ್ರವಾಸೋದ್ಯಮ ಇಂಥವು. ನೂರು ವರ್ಷ ಕಾದು ಪಡೆದ ಸ್ವಯಮಾಡಳಿತ, ಅದಕ್ಕಾಗಿ ಬೀದಿಗಿಳಿದವನ ಕಾಲದಲ್ಲೇ ಹೋಯಿತು. ಸಂಸತ್ತಿನಲ್ಲಿ ಕೆಲವರು ಇಂಥ ನೆಪಕ್ಕೆ ಕಾಯುತ್ತಿದ್ದರು, ನಿಜ. ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟವನು ಬ್ಯಾರಿ. ಅದೇ ಕಾಯ್ದೆಯಲ್ಲಿ ಕೇಂದ್ರ ಸರಕಾರ ಪಿಂಚಣಿಯ ಹೊರೆಯನ್ನೂ ಜೈಲುಗಳ ಖರ್ಚನ್ನೂ ವಾಪಸು ಹೊತ್ತುಕೊಂಡಿತು ಎಂಬುದನ್ನೂ ಹೇಳದೆ ಹೋದರೆ ಲೆಕ್ಕ ತಪ್ಪುತ್ತದೆ. ಆ ಹೊರೆ ಅನ್ಯಾಯದ್ದು ಎಂದು ಬ್ಯಾರಿ ಮೊದಲಿನಿಂದ ಹೇಳಿದ್ದು ಸರಿಯೇ ಆಗಿತ್ತು.

ಪಾರ್ಕು ಮತ್ತು ಗ್ರಂಥಾಲಯ ಉಳಿದ ಮೇಯರ್ ಎಂದಾಗ ನೀವು ಮುಗುಳ್ನಕ್ಕದ್ದನ್ನು ನೋಡಿದೆ. ಬೆಂಗಳೂರಿನಲ್ಲಿ ನೀರು ಜಲಮಂಡಳಿಯದು, ಬಡಾವಣೆ ಪ್ರಾಧಿಕಾರದ್ದು, ವಿದ್ಯುತ್ತು ಒಂದು ಕಂಪನಿಯದು, ಬಸ್ಸು ಒಂದು ನಿಗಮದ್ದು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಚುನಾಯಿತ ಪಾಲಿಕೆಯೇ ಇರಲಿಲ್ಲ. ವಾಷಿಂಗ್ಟನ್ನಿನಲ್ಲಿ ಶಿಕ್ಷೆಯಾಗಿ ಬಂದ ಸ್ಥಿತಿ ನಮ್ಮಲ್ಲಿ ತಪ್ಪು ಮಾಡುವ ಮೊದಲೇ ಜಾರಿಯಲ್ಲಿದೆ. ನಮ್ಮಲ್ಲಿ ಬ್ಯಾರಿಯಂಥ ವಿವಾದದ ಮೇಯರ್ ಯಾಕಿಲ್ಲ ಎಂದು ಯಾರೋ ಕೇಳಿದರು. ವಿವಾದವಾಗುವಷ್ಟು ಅಧಿಕಾರ ಕೊಟ್ಟರೆ ತಾನೆ?

1999ರ ಜನವರಿಯಲ್ಲಿ ಬ್ಯಾರಿ ಮೇಯರ್ ಸ್ಥಾನ ಬಿಟ್ಟ. ನಿಯಂತ್ರಣ ಮಂಡಳಿಯ ಕಾಲದಲ್ಲಿ ಹಣಕಾಸು ಅಧಿಕಾರಿಯಾಗಿದ್ದ, ಬೋ ಟೈ ಕಟ್ಟುತ್ತಿದ್ದ ಆಂಟನಿ ವಿಲಿಯಮ್ಸ್ ಮುಂದಿನ ಮೇಯರ್. ಲೆಕ್ಕ ಸರಿಹೋಯಿತು, 2001ರಲ್ಲಿ ಮಂಡಳಿ ಎದ್ದುಹೋಯಿತು. ಊರು ಚೆಂದವಾಯಿತು, ಬಾಡಿಗೆ ಏರಿತು. ಬಿಳಿಯರು ಊರನ್ನು ವಾಪಸು ಕಬಳಿಸಲು ಗುಟ್ಟಾಗಿ ಯೋಜನೆ ಹಾಕಿದ್ದಾರೆ ಎಂಬ ವದಂತಿ ಎಪ್ಪತ್ತರ ದಶಕದಿಂದ ಅಲ್ಲಿ ಓಡಾಡುತ್ತಿತ್ತು, ವಿದ್ಯಾವಂತರು ನಗುತ್ತಿದ್ದರು. 2011ರ ಹೊತ್ತಿಗೆ ಕಪ್ಪು ಜನರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಅದಕ್ಕೆ ಗುಟ್ಟಿನ ಯೋಜನೆ ಬೇಕಾಗಲಿಲ್ಲ, ಮನೆ ಬಾಡಿಗೆಯೇ ಸಾಕಾಯಿತು. ಬ್ಯಾರಿ ಕಟ್ಟಡ ಎಬ್ಬಿಸಿದ ಯು ಬೀದಿಯಲ್ಲಿ ಈಗ ಒಂದು ಲೋಟ ಕಾಫಿಗೆ ಕೊಡುವ ದುಡ್ಡಿನಲ್ಲಿ ನಾವು ಇಲ್ಲಿ ಹಲವರು ಊಟ ಮಾಡಬಹುದು.

ಆತ ಮನೆಯಲ್ಲಿ ಕೂರುವವನಲ್ಲ. 2004ರಲ್ಲಿ ಮತ್ತೆ ಎಂಟನೇ ವಾರ್ಡಿನ ಸದಸ್ಯನಾದ, ಸಾಯುವವರೆಗೂ ಬಿಡಲಿಲ್ಲ. ತೆರಿಗೆ ವಿವರ ಸಲ್ಲಿಸದ್ದಕ್ಕೆ ಶಿಕ್ಷೆ, ಗೆಳತಿಗೆ ಗುತ್ತಿಗೆ ಕೊಡಿಸಿದ್ದಕ್ಕೆ ನಗರಸಭೆಯಿಂದ ಛೀಮಾರಿ, ಏಷ್ಯಾದವರ ಅಂಗಡಿಗಳ ಬಗ್ಗೆ ಕೆಟ್ಟ ಮಾತಾಡಿ ಕ್ಷಮೆ. 1978ರಲ್ಲಿ ಸಲಿಂಗಿಗಳ ಬೆಂಬಲದಿಂದ ಗೆದ್ದವನು 2009ರಲ್ಲಿ ಬೇರೆಡೆ ನಡೆದ ಅವರ ಮದುವೆಗಳಿಗೆ ಮಾನ್ಯತೆ ಕೊಡುವ ಮಸೂದೆ ಬಂದಾಗ ವಿರುದ್ಧ ಮತ ಹಾಕಿದ ಒಬ್ಬನೇ ಸದಸ್ಯ. ಎಲ್ಲರ ಋಣವೂ ಆತನಿಗೆ ಒಂದೇ ತೂಕದ್ದಾಗಿರಲಿಲ್ಲ. 2014ರ ನವೆಂಬರ್ 23ರಂದು ತೀರಿಕೊಂಡ. 2018ರಲ್ಲಿ ಪೆನ್ಸಿಲ್ವೇನಿಯಾ ಅವೆನ್ಯೂನಲ್ಲಿ ನಗರಾಡಳಿತದ ಕಟ್ಟಡದ ಮುಂದೆ, ಎದೆಗೆ ಗುಂಡಿನ ಚೂರು ಬಡಿದ ಅದೇ ಕಟ್ಟಡದ ಮುಂದೆ, ಎಂಟಡಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ನಾನು ನೋಡಿದೆ. ಕೈಯೆತ್ತಿ ಬೀದಿಗೆ ನಮಸ್ಕಾರ ಹೇಳುತ್ತಿರುವ ಭಂಗಿ. ಬೇಸಿಗೆಯ ಕೆಲಸದ ಯೋಜನೆ ಈಗ ಆತನ ಹೆಸರಿನಲ್ಲೇ ನಡೆಯುತ್ತಿದೆ.

ಪ್ರತಿಮೆ ನೋಡಿ ಬಂದ ಮರುದಿನ ಹಿಮ ಬಿದ್ದಿತ್ತು. ಬೆಳಗ್ಗೆ ಪಕ್ಕದ ಮನೆಯವರು ಗುದ್ದಲಿಯಂಥ ಅಗಲ ಸಲಿಕೆ ಹಿಡಿದು ತಮ್ಮ ಮೆಟ್ಟಿಲು ಮುಗಿಸಿ, ನಮ್ಮದನ್ನೂ ಎತ್ತಿ ಹಾಕುತ್ತಿದ್ದರು. ನಾನು ಮಂಕಿ ಕ್ಯಾಪ್ ಹಾಕಿಕೊಂಡು ಹೊರಬಂದೆ. “ಅಪ್ಪ, ಜಾರುತ್ತೆ, ಹೋಗಬೇಡಿ” ಎಂದು ಮಗಳು ಒಳಗಿನಿಂದ ಕೂಗಿದಳು. 1994ರಲ್ಲಿ ಬ್ಯಾರಿಗೇ ಓಟು ಹಾಕಿದಿರಾ ಎಂದು ಕೇಳಿದೆ. ಅವರು ಸಲಿಕೆ ಊರಿ ನಿಂತರು.

“ನಾನು ಅಲ್ಲಿರಲೇ ಇಲ್ಲವಲ್ಲ. ತೊಂಬತ್ತೊಂದರಲ್ಲೇ ಇಲ್ಲಿಗೆ ಬಂದೆ. ಹೆಂಡತಿ ನಗರದ ಕಚೇರಿಯಲ್ಲಿ, ನಾನು ಬಸ್ಸಿನಲ್ಲಿ. ಇಬ್ಬರ ಸಂಬಳ ಸೇರಿ ಈ ಮನೆ. ನಮ್ಮ ಬೀದಿಯಲ್ಲಿ ಆ ವರ್ಷ ಇಬ್ಬರು ಹುಡುಗರು ಹೋದರು. ನನಗೂ ಹುಡುಗರಿದ್ದರು.”

ಹಾಗೆ ಊರು ಬಿಟ್ಟವರಲ್ಲಿ ಅವರೊಬ್ಬರೇ ಅಲ್ಲ. 1970ರಲ್ಲಿ ಏಳೂವರೆ ಲಕ್ಷ ದಾಟಿದ್ದ ಊರು 2000ದ ಗಣತಿಯಲ್ಲಿ 5,72,059ಕ್ಕೆ ಇಳಿದಿತ್ತು. ಬ್ಯಾರಿಯ ಕಾಲದಲ್ಲಿ ಸಂಬಳ ಕಂಡ ಸಾವಿರಾರು ಕುಟುಂಬಗಳು ಆ ಸಂಬಳ ಹಿಡಿದುಕೊಂಡೇ ಗಡಿ ದಾಟಿ ಈ ಕೌಂಟಿಗೆ ಬಂದವು.

ಅಂತ್ಯಕ್ರಿಯೆಗಾದರೂ ಹೋಗಿದ್ದಿರಾ ಎಂದೆ. 2014ರ ಡಿಸೆಂಬರಿನಲ್ಲಿ ಆ ಕಟ್ಟಡದೊಳಗೆ ಶವಪೆಟ್ಟಿಗೆ ಇಟ್ಟಿದ್ದ ದಿನ ರಜೆ ಹಾಕಿ ಹೋಗಿದ್ದರಂತೆ. ಚಳಿಯಲ್ಲಿ ಸಾಲು ಬೀದಿಯವರೆಗೆ ಬಂದಿತ್ತಂತೆ. ಅಮ್ಮನ ಬೈಬಲ್ ಕಂಕುಳಲ್ಲಿತ್ತಂತೆ.

ಅಷ್ಟು ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಹಳದಿ ದೀಪ ಮಿನುಗಿಸುತ್ತ ಹಿಮ ತಳ್ಳುವ ಲಾರಿ ಬಂತು. ಅವರು ಕೈಗಡಿಯಾರ ನೋಡಿಕೊಂಡರು. ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. “ಎಂಬತ್ತೇಳರಲ್ಲಿ ನಮ್ಮ ಬೀದಿಗೆ ಇದು ಬಂದದ್ದು ಯಾವಾಗ ಗೊತ್ತಾ?” ಎಂದು ಕೇಳಿ, ಉತ್ತರ ಹೇಳದೆ, ಲಾರಿ ನಮ್ಮ ಮೆಟ್ಟಿಲ ಮೇಲೆ ಮತ್ತೆ ಎರಚಿ ಹೋದ ಹಿಮವನ್ನು ಎತ್ತತೊಡಗಿದರು.